ಹಸಿರು ಚೀಲದ ಮಳೆಗಾಲ

ಮಳೆಗಾಲದಲ್ಲಿ ಕೊಡಗಿನ ಬಸ್ಸು ಹತ್ತಿದವರಿಗೆ ಗೊತ್ತು, ಒಳಗಿನ ವಾಸನೆ ಎಂಥದ್ದು ಅಂತ. ಒದ್ದೆ ಕೊಡೆ, ಒದ್ದೆ ಸ್ವೆಟರು, ಯಾರದೋ ಚೀಲದ ಒಣಮೀನು, ಎಲ್ಲ ಸೇರಿ ಒಂದಾಗಿರುತ್ತದೆ. ಕಿಟಕಿ ತೆಗೆಯೋಣವೆಂದರೆ ಪಕ್ಕದವರು ಕಣ್ಣು ಬಿಡುತ್ತಾರೆ. ಮೊನ್ನೆ ಎರಡು ದಿನದ ಪರೀಕ್ಷಾ ಕೆಲಸಕ್ಕೆಂದು ಕುಶಾಲನಗರದಿಂದ ವಿರಾಜಪೇಟೆಗೆ ಹೊರಟಿದ್ದ ನಾನು ಆ ವಾಸನೆಯೊಳಗೇ ತೂಕಡಿಸುತ್ತಿದ್ದೆ. ನೆಲ್ಯಹುದಿಕೇರಿಯಲ್ಲಿ ಒಬ್ಬ ಹೆಂಗಸು ತೋಳು ತುಂಬ ಮದ್ದು ಸೊಪ್ಪಿನ ಕಟ್ಟು ಹಿಡಿದು ಹತ್ತಿದರು. ನನ್ನ ಪಕ್ಕದ ಸೀಟು ಖಾಲಿಯಿತ್ತು. ಕೂತು, ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡರು. ಸಿದ್ದಾಪುರ ಬರುವಷ್ಟರಲ್ಲಿ ಬಸ್ಸಿನ ವಾಸನೆಯಲ್ಲಿ ಒಣಮೀನೂ ಇರಲಿಲ್ಲ, ಸ್ವೆಟರೂ ಇರಲಿಲ್ಲ. "ನಾಳೆ ಆಟಿ ಹದಿನೆಂಟಲ್ವಾ!" ಎಂದು ಕಂಡಕ್ಟರು ಮೂಗರಳಿಸಿ ಹೇಳಿದ.

ಮದ್ದು ಸೊಪ್ಪಿನ ವಾಸನೆ ಹೇಗಿರುತ್ತದೆಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಸಿಹಿ ಅನ್ನಬಹುದು, ಆದರೆ ಕಾಡಿನ ಸಿಹಿ. ವರ್ಷವಿಡೀ ಬೇಲಿ ಬದಿಯಲ್ಲಿ ಯಾರಿಗೂ ಬೇಡದ ಗಿಡವಾಗಿ ನಿಂತಿರುವ ಇದು ಜುಲೈ ನಡುವೆ ಆಟಿ ತಿಂಗಳು ಹುಟ್ಟಿದ ಮೇಲೆ ದಿನಕ್ಕೊಂದರಂತೆ ಮದ್ದಿನ ಗುಣ ತುಂಬಿಕೊಳ್ಳುತ್ತಾ ಹೋಗಿ, ಹದಿನೆಂಟನೆಯ ದಿನ ಪೂರ್ತಿ ಹದವಾಗುತ್ತದೆ ಎಂದು ನಂಬಿಕೆ. ಅಂದು ಸೊಪ್ಪು ಬೇಯಿಸಿದರೆ ನೀರು ಶಾಯಿಯ ಹಾಗೆ ನೇರಳೆಯಾಗುತ್ತದೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ ಮಾಡುತ್ತಾರೆ. ತಿಂದವರಿಗೆ ಮಾರನೆಯ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಅದಕ್ಕೇ ಮರುದಿನ ಬೆಳಿಗ್ಗೆ ಇಲ್ಲಿಯ ಸಲಿಗೆಯವರು ಎದುರು ಸಿಕ್ಕರೆ ತಿಂಡಿ ಆಯ್ತಾ ಎಂದು ಕೇಳುವುದಿಲ್ಲ, "ಬಂತಾ ಬಣ್ಣ?" ಎಂದು ಕೇಳುತ್ತಾರೆ. ಬಂದಿದ್ದರೆ ಮದ್ದು ಮೈಗೆ ಹತ್ತಿದೆ ಎಂದರ್ಥ.

ನನ್ನನ್ನು ಆ ಪ್ರಶ್ನೆ ಮೂರು ವರ್ಷ ಕೇಳಿದವಳು ಸಫಿಯಾ. ಮೊದಲೆರಡು ವರ್ಷ ನಿಜ ಹೇಳಿದೆ. ನನ್ನನ್ನು ಈಗಲೂ ಬಿಡದೆ ಕಾಡುವುದು ಮೂರನೆಯ ವರ್ಷ.

ನಮ್ಮ ಕಾಲೇಜು ವಿರಾಜಪೇಟೆಯಿಂದ ಸ್ವಲ್ಪ ದೂರದ ಒಂದು ಗುಡ್ಡದ ಮೇಲಿತ್ತು. ನಾನು ಸೋಮವಾರಪೇಟೆ ಕಡೆಯವಳು. ಕಾಫಿ, ಏಲಕ್ಕಿ, ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಒಲೆ ಹತ್ತಿರ ಬಿಡದ ಅಜ್ಜಿ, ಇವುಗಳ ನಡುವೆ ಬೆಳೆದು, ಬಿ.ಸಿ.ಎ. ಓದಲು ಜಿಲ್ಲೆಯ ಆ ತುದಿಯಿಂದ ಈ ತುದಿಗೆ ಬಂದು ಹಾಸ್ಟೆಲ್ ಸೇರಿದ್ದೆ. ಮೆಸ್ಸಿನವರು ವಾರಕ್ಕೆ ನಾಲ್ಕು ದಿನ ಉಪ್ಪಿಟ್ಟು ಮಾಡುತ್ತಿದ್ದರು. ನಾವು ಅದರಲ್ಲಿ ಚಮಚ ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದೆವು; ಚಮಚ ಬಿದ್ದರೆ ತಿನ್ನುವುದು, ನೆಟ್ಟಗೆ ನಿಂತರೆ ಬಿಡುವುದು. ಊಟ ತಂದುಕೊಡುವ ಪೇಟೆಯ ಕಂಪನಿಗಳಿಗೆ ನಮ್ಮ ಗುಡ್ಡ ಕಣ್ಣಿಗೇ ಬೀಳುತ್ತಿರಲಿಲ್ಲ. ಅವರ ಆ್ಯಪ್ ತೆರೆದರೆ "ನಿಮ್ಮ ಜಾಗಕ್ಕೆ ನಾವಿನ್ನೂ ಬಂದಿಲ್ಲ" ಎಂದು ಒಂದು ಅಳುಮುಖದ ಚಿತ್ರ ಬರುತ್ತಿತ್ತು. ಆ ಚಿತ್ರ ನೋಡಿ ನೋಡಿ ನಮಗೆ ಇನ್ನಷ್ಟು ಹಸಿವಾಗುತ್ತಿತ್ತು.

ಸಫಿಯಾ ಹಾಸ್ಟೆಲಿನವಳಲ್ಲ. ನೆಲ್ಯಹುದಿಕೇರಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಅವಳ ತಾಯಿ, ಅವಳ ಮಾತಿನಲ್ಲಿ ಉಮ್ಮ, ಎಸ್ಟೇಟಿಗೆ ಕಾಫಿ ಪಿಕ್ಕಿಂಗ್‌ಗೆ ಹೋಗುವವರು. ಸಫಿಯಾ ಹುಟ್ಟಿದ್ದು ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿ, ಬೆಳೆದದ್ದು ಹೊಳೆದಂಡೆಯ ಎರಡು ಕೋಣೆಯ ಮನೆಯಲ್ಲಿ. ಮೊದಲ ವರ್ಷ ಕ್ಲಾಸಿನಲ್ಲಿ ಅವಳನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಬೈಯುತ್ತಿದ್ದರು ಅಂತಲ್ಲ, ಅವಳು ಕೂತ ಬೆಂಚು ಖಾಲಿ ಇದೆಯೇನೋ ಎಂಬಂತೆ ದಾಟಿ ಹೋಗುತ್ತಿದ್ದರು. ಒಂದು ದಿನ ಬೆಳಿಗ್ಗೆ ನಾನು ಚಮಚ ನಿಂತ ಉಪ್ಪಿಟ್ಟು ಬಿಟ್ಟು ಬಂದು ಹೊಟ್ಟೆ ಹಿಡಿದು ಕೂತಿದ್ದಾಗ ಅವಳು ತಿರುಗಿ, "ನಾಳೆ ವಿರಾಜಪೇಟೆಯಲ್ಲಿ ಬಸ್ಸು ಬದಲಾಯಿಸುವಾಗ ಇಪ್ಪತ್ತು ನಿಮಿಷ ಟೈಮುಂಟು. ಇಡ್ಲಿ ತರ್ಲಾ?" ಎಂದಳು. ತಂದಳು. ಭಟ್ಟರ ಹೋಟೆಲಿನ ಇಡ್ಲಿ, ಬಾಳೆಲೆಯಲ್ಲಿ ಕಟ್ಟಿ, ಅದರ ಮೇಲೆ ಪೇಪರ್ ಸುತ್ತಿ, ಬಿಸಿ ಆರದಂತೆ ತನ್ನ ಸ್ವೆಟರಿನೊಳಗೆ ಇಟ್ಟುಕೊಂಡು. ನಾನು ಆ ಇಡ್ಲಿ ತಿಂದ ರಭಸ ನೋಡಿ ಅವಳು, "ನಿಧಾನ ಮಾರಾಯ್ತಿ, ಬಾಳೆಲೆ ಬಿಡು" ಎಂದಳು. ಅಲ್ಲಿಂದ ನಾವು ಗೆಳತಿಯರು, ಗಿರಿಜಾ ಎಂಬ ನಾನು ಅವಳಿಗೆ ಗಿರಿ.

ಆ ವರ್ಷದ ಆಟಿ ಹದಿನೆಂಟಕ್ಕೆ ಅವಳು ಒಂದು ಸ್ಟೀಲ್ ಡಬ್ಬಿಯಲ್ಲಿ ನೇರಳೆ ಬಣ್ಣದ ಪಾಯಸ ತಂದಳು. "ಉಮ್ಮ ಕೊಟ್ಟಿದ್ದು" ಎಂದಳು. ನಮ್ಮ ಮನೆಯಲ್ಲಿ ಆ ಪದ್ಧತಿ ಇರಲಿಲ್ಲ. "ನಿಮ್ಮಲ್ಲೂ ಇದು ಮಾಡ್ತಾರಾ?" ಎಂದು ನಾನು ಕೇಳಿದೆ. "ಉಮ್ಮ ಎಸ್ಟೇಟಿನ ದೊಡ್ಡಮನೆ ಅಡುಗೆಕೋಣೆಯಲ್ಲಿ ಕಲ್ತದ್ದು. ಕೊಡಗಿನ ಮಳೇಲಿ ನೆಂದವರಿಗೆಲ್ಲ ಆಟಿ ಹದಿನೆಂಟು ಉಂಟು" ಎಂದಳು. ಡಬ್ಬಿ ಖಾಲಿ ಮಾಡಿದೆ. ಬಣ್ಣದ ವಿಷಯ ಮಾತ್ರ ಅವಳು ಬೇಕಂತಲೇ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಸತ್ತೇಹೋಗುತ್ತೇನೆಂದು ಅಳುತ್ತಾ ಗೇಟಿನ ಹತ್ತಿರ ಅವಳಿಗಾಗಿ ಕಾಯುತ್ತಿದ್ದೆ. ಬಸ್ಸಿಳಿದವಳೇ, "ಬಂತಾ ಬಣ್ಣ?" ಎಂದಳು. ಆಮೇಲೆ ನನ್ನ ಮುಖ ನೋಡಿ, "ಪಡಚೋನೇ!" ಎಂದು ದೇವರನ್ನು ಕೂಗಿ, ಕೊಡೆ ಕೆಳಗೆ ಹಾಕಿ, ಮಳೆಯಲ್ಲೇ ಬಗ್ಗಿ ನಕ್ಕಳು. ಆ ನಗುವನ್ನು ನಾನು ಎರಡು ವರ್ಷ ಅಣಕಿಸಿ ತೋರಿಸುತ್ತಿದ್ದೆ.

ಒಬ್ಬಳ ಇಡ್ಲಿ ನೋಡಿ ಇನ್ನೊಬ್ಬಳು ಕೇಳಿದಳು. ಎರಡನೆಯ ವರ್ಷ ಮುಗಿಯುವಾಗ ಸಫಿಯಾ ಬೆಳಿಗ್ಗೆ ಹತ್ತು ಹನ್ನೆರಡು ಪೊಟ್ಟಣ ಹೊತ್ತು ಬರುತ್ತಿದ್ದಳು. ಹಾಸ್ಟೆಲಿನ ಹುಡುಗಿಯರು ಗೇಟಿನಲ್ಲಿ ಅವಳ ಬಸ್ಸಿಗೆ ಕಾಯುತ್ತಿದ್ದರು. ಅವಳು ಬಾರದ ದಿನ, "ಸಫಿಯಾಗೆ ಏನಾಯ್ತಂತೆ?" ಎಂದು ಅವಳ ಹೆಸರೇ ಗೊತ್ತಿಲ್ಲದಿದ್ದವರು ನನ್ನನ್ನು ಕೇಳುತ್ತಿದ್ದರು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಏನು ಮಾಡುವುದು ಎಂಬ ಮಾತು ಬಂದಾಗ ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ. ಅವಳು ಮಾಡುತ್ತಿದ್ದದ್ದನ್ನೇ ಫೋನಿಗೆ ಹಾಕಿದರಾಯಿತು. ಪೇಟೆಯಿಂದ ಗುಡ್ಡ ಹತ್ತುವ ಯಾವ ವಿದ್ಯಾರ್ಥಿಯೇ ಆಗಲಿ, ಎಷ್ಟು ಹೊತ್ತಿಗೆ ಎಲ್ಲಿರುತ್ತೇನೆ, ಚೀಲದಲ್ಲಿ ಎಷ್ಟು ಪೊಟ್ಟಣಕ್ಕೆ ಜಾಗವಿದೆ ಎಂದು ಹಾಕಬೇಕು. ಬೇಕಾದವರು ಹೆಸರು ಒತ್ತಿ ಹೇಳಬೇಕು. ಇವತ್ತು ನೀನು ತಂದೆ, ನಾಳೆ ನಾನು ತರುತ್ತೇನೆ. ಹೆಸರನ್ನೂ ಅವಳೇ ಇಟ್ಟಳು: "ಬರ್ತಾ ತಾ". ದಿನಾ ಬೆಳಿಗ್ಗೆ ಹಾಸ್ಟೆಲಿನವರು ಅವಳಿಗೆ ಫೋನಿನಲ್ಲಿ ಹೇಳುತ್ತಿದ್ದ ಮಾತು ಅದೇ.

ನಾವು ಮೂವರು ಸೇರಿ ಮಾಡಿದೆವು. ಕೋಡ್ ಬರೆದದ್ದು ನಾನು. ಚಿತ್ರ, ಬಣ್ಣ ಎಲ್ಲ ಬೋಪಣ್ಣನದು. ಅವನು ಅಮ್ಮತ್ತಿ ಕಡೆಯ ಹುಡುಗ, ಬೈಕಿನಲ್ಲಿ ಬರುವವನು, ತಿನ್ನುವುದೆಂದರೆ ಜೀವ. ಉಳಿದದ್ದೆಲ್ಲ, ಅಂದರೆ ನಿಜವಾದದ್ದೆಲ್ಲ, ಸಫಿಯಾಳ ತಲೆಯಲ್ಲಿತ್ತು. ಯಾವ ಬಸ್ಸು ಯಾವ ವಾರ ತಡ, ಭಟ್ಟರು ಇಡ್ಲಿಯ ಎರಡನೇ ಒಬ್ಬೆ ಎಷ್ಟು ಹೊತ್ತಿಗೆ ಇಳಿಸುತ್ತಾರೆ, ಮಳೆ ಜೋರಾದರೆ ಯಾವ ತಿರುವಿನಲ್ಲಿ ಮರ ಬೀಳುತ್ತದೆ, ಎಲ್ಲ. ಮೊದಲ ಪುಟದಲ್ಲಿ ಮೂರು ಹೆಸರು ಹಾಕಿದೆವು. ಅವಳದು ಮೊದಲು. ಅದನ್ನು ಫೋನಿನಲ್ಲಿ ನೋಡಿದಾಗ ಅವಳು ಎರಡು ಸಲ ಮುಚ್ಚಿ, ಎರಡು ಸಲ ತೆರೆದಳು. "ಉಮ್ಮಂಗೆ ತೋರಿಸ್ಬೇಕು, ಅವರಿಗೆ ಓದಕ್ಕೆ ಬರಲ್ಲ, ಆದ್ರೂ ತೋರಿಸ್ಬೇಕು" ಎಂದಳು.

ಜೂನ್ ಕೊನೆಗೆ ಶುರುವಾದದ್ದು ಎರಡು ವಾರದಲ್ಲಿ ಇಡೀ ಕಾಲೇಜಿಗೆ ಹಬ್ಬಿತು. ಮಳೆಯೂ ಹಾಗೆಯೇ ಹಿಡಿಯಿತು. ಗುಡ್ಡದ ರಸ್ತೆಯಲ್ಲಿ ಮಂಜು ಇಳಿದರೆ ಹತ್ತು ಮಾರು ಆಚೆ ಕಾಣದು. ಆ ಮಂಜಿನೊಳಗಿನಿಂದ ಚೀಲ ಹೊತ್ತವರು ಒಬ್ಬೊಬ್ಬರಾಗಿ ಬರುತ್ತಿದ್ದರು, ಗೇಟಿನಲ್ಲಿ ಜೈಕಾರ ಬೀಳುತ್ತಿತ್ತು. ನಾನಂತೂ ನೆಲದ ಮೇಲೆ ಕಾಲಿಡುತ್ತಿರಲಿಲ್ಲ. ಮೇಷ್ಟ್ರುಗಳೂ ನನ್ನ ಹತ್ತಿರ ಬಂದು ಮಸಾಲೆ ದೋಸೆಗೆ ಹೆಸರು ಹೇಗೆ ಒತ್ತುವುದು ಎಂದು ಕೇಳುತ್ತಿದ್ದರು.

ಜುಲೈ ನಡುವೆ ಒಂದು ಮಧ್ಯಾಹ್ನ ಬೋಪಣ್ಣ ಮಳೆಯಲ್ಲಿ ಬೈಕ್ ಹೊಡೆದುಕೊಂಡು ಬಂದ. ಅವನ ಚೀಲದಲ್ಲಿ ಗೆಳೆಯರಿಗೆಂದು ಪಂದಿ ಕರಿ, ಅಂದರೆ ಹಂದಿ ಸಾರು ಇತ್ತು, ಹಾಸ್ಟೆಲಿನ ಇಬ್ಬರಿಗೆ ಚಪಾತಿ ಪಲ್ಯವೂ ಇತ್ತು. ತಿರುವಿನಲ್ಲಿ ಎಲ್ಲೋ ಕರಿಯ ಮುಚ್ಚಳ ಸಡಿಲಿ, ಚಪಾತಿಯ ಪೇಪರೆಲ್ಲ ನೆನೆದು ಕಪ್ಪಾಗಿತ್ತು. ಅದರಲ್ಲೊಂದು ಪೊಟ್ಟಣ ನನ್ನ ಚಿಕ್ಕಪ್ಪನ ಮಗಳು ರೂಪಾಳದು. ನನಗಿಂತ ಒಂದು ವರ್ಷ ಚಿಕ್ಕವಳು, ಅದೇ ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು. ಅವಳು ಪೊಟ್ಟಣ ಬಿಚ್ಚಿ, ಮೂಸಿ, ಅಲ್ಲೇ ವಾಂತಿ ಮಾಡಿಕೊಂಡಳು. ಬೋಪಣ್ಣ ಪಾಪ ಕೈಮುಗಿದು, "ತಪ್ಪಾಯ್ತು ಮಾರಾಯ್ತಿ, ನನ್ನ ಹೊಟ್ಟೆಬಾಕತನ" ಎಂದ. ಅವನ ತಪ್ಪು ನಿಜ, ಅವಳ ಸಂಕಟವೂ ನಿಜ. ಅಂದು ಸಂಜೆಗೆ ಹಾಸ್ಟೆಲಿನ ಸಸ್ಯಾಹಾರಿಗಳೆಲ್ಲ ನನ್ನ ಕೋಣೆಯಲ್ಲಿ ಸೇರಿದರು. ಇದಕ್ಕೊಂದು ವ್ಯವಸ್ಥೆ ಆಗಲೇಬೇಕು ಎಂದರು.

ಮಾರನೆಯ ದಿನ ಸಫಿಯಾಗೆ ಹೇಳಿದೆ. ಅವಳು ಹೇಳಿದಳು: "ತರುವವರು ದಿನಾ ಬೆಳಿಗ್ಗೆ ಹಾಕ್ಲಿ, ಇವತ್ತು ನನ್ನ ಚೀಲದಲ್ಲಿ ಏನುಂಟು ಅಂತ. ನಾನೂ ಹಂದಿ ಇರುವ ಚೀಲದ ಹತ್ತಿರ ನನ್ನ ಬುತ್ತಿ ಇಡಲ್ಲ, ನಿಂಗೆ ಗೊತ್ತಲ್ಲ. ಚೀಲದಲ್ಲಿ ಏನುಂಟು ಅಂತ ಕೇಳು ಗಿರಿ. ಹೊತ್ತವರು ಯಾರು ಅಂತ ಕೇಳ್ಬೇಡ."

ಅವಳು ಹೇಳಿದ್ದು ಸರಿ ಎಂದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ಆದರೆ ಚೀಲದಲ್ಲಿರುವುದು ದಿನಾ ಬದಲಾಗುತ್ತದೆ. ಅದನ್ನು ಕೇಳಿ, ಹಾಕಿ, ಅಳಿಸಿ, ಮತ್ತೆ ಕೇಳುವುದಕ್ಕೆ ವಾರದ ಕೆಲಸ ಇತ್ತು. ಮನುಷ್ಯನಿಗೆ ಗುರುತು ಹಾಕಿದರೆ ಒಂದೇ ಪ್ರಶ್ನೆ, ಒಂದೇ ಸಲ, ಹತ್ತು ನಿಮಿಷದ ಕೆಲಸ. ನೀವು ಸಸ್ಯಾಹಾರಿಯೇ? ಹೌದು ಎಂದವರ ಹೆಸರಿನ ಪಕ್ಕ ಒಂದು ಹಸಿರು ಚೀಲದ ಚಿತ್ರ. ಬೇಕಾದವರು ತಮಗೆ ಹಸಿರು ಚೀಲದವರು ಮಾತ್ರ ಕಾಣಲಿ ಎಂದು ಒತ್ತಿಕೊಳ್ಳಬಹುದು. ಬರೆದು ಮುಗಿಸುವಾಗ ಅಜ್ಜಿಯ ಫೋನ್ ಬಂತು. ರೂಪಾ ಆಗಲೇ ಊರಿಗೆಲ್ಲ ಡಂಗುರ ಹೊಡೆದಾಗಿತ್ತು.

"ನಿಂಗೆ ಊಟ ಯಾರ್ ಕೈಲಿ ಬತ್ತದೆ ಮಗ?" ಎಂದರು ಅಜ್ಜಿ.

"ಫ್ರೆಂಡ್ಸ್ ತರ್ತಾರೆ ಅಜ್ಜಿ."

"ಯಾವ ಪೈಕಿಯೋರು?"

"ನಮ್ಮ ಕಾಲೇಜ್ ಪೈಕಿ" ಎಂದು ನಕ್ಕು ಫೋನಿಟ್ಟೆ. ನಗು ಬಾಯಲ್ಲಿತ್ತೇ ಹೊರತು ಬೆರಳು ಕೆಲಸ ಮುಗಿಸಿಬಿಟ್ಟಿತ್ತು. ಅಜ್ಜಿಯನ್ನು ನಾನು ದೂರುವುದಿಲ್ಲ. ಅವರು ಕೇಳಿದ್ದು ಅವರಿಗೆ ಗೊತ್ತಿದ್ದ ಲೋಕದ ಪ್ರಶ್ನೆ. ಉತ್ತರವನ್ನು ಆ್ಯಪ್ ಮಾಡಿದವಳು ನಾನು.

ಹುಡುಗಿಯರಿಗೆ ತೋರಿಸಿದಾಗ ರೂಪಾ, "ನೀನೇ ಹಾಕ್ಕೊಂಡಿಲ್ವಲ್ಲ ಅಕ್ಕ. ನೀನೇ ನಂಬ್ದೇ ಇದ್ರೆ ನಾವ್ಯಾಕೆ ನಂಬ್ಬೇಕು?" ಎಂದಳು. ಎಲ್ಲರೂ ನನ್ನ ಫೋನ್ ನೋಡುತ್ತಿದ್ದರು. ಒತ್ತಿದೆ. ನನ್ನ ಪಟ್ಟಿಯಲ್ಲಿದ್ದ ಹೆಸರುಗಳಲ್ಲಿ ಅರ್ಧಕ್ಕರ್ಧ ಮಾಯವಾದವು. ಮೇಲಿನ ಸಾಲಿನಲ್ಲಿ ಯಾವಾಗಲೂ ಇರುತ್ತಿದ್ದ ಸಫಿಯಾಳ ಹೆಸರೂ ಹೋಯಿತು. ಆಗ ನನಗೆ ಏನನಿಸಿತು ಎಂದು ನಾಚಿಕೆ ಬಿಟ್ಟು ಹೇಳುತ್ತೇನೆ: ಕೋಡ್ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಖುಷಿಯಾಯಿತು.

ಬೋಪಣ್ಣನಿಗೆ ಇದರಿಂದ ಏನೂ ಆಗಲಿಲ್ಲ. ಅವನ ಪರೋಟ, ಕೋಳಿಗೆ ಬೇರೆ ಗಿರಾಕಿಗಳಿದ್ದರು. ಏಟು ಬಿದ್ದದ್ದು ಸಫಿಯಾಗೆ. ಅವಳು ತರುತ್ತಿದ್ದದ್ದು ಬೆಳಗಿನ ಇಡ್ಲಿ, ದೋಸೆ, ಬನ್ಸ್. ಅದನ್ನು ತಿನ್ನುತ್ತಿದ್ದವರು ಹೆಚ್ಚಾಗಿ ನಮ್ಮವರೇ. ಆ ಪ್ರಶ್ನೆಗೆ ಅವಳು ನೇರವಾಗಿ ಇಲ್ಲ ಎಂದು ಒತ್ತಿದ್ದಳು. ಸುಳ್ಳು ಒತ್ತಿದ್ದರೆ ಯಾರಿಗೆ ತಿಳಿಯುತ್ತಿತ್ತು? ಎರಡು ವರ್ಷ ಒಂದೇ ಒಂದು ದಿನ ಒಂದು ತೊಟ್ಟು ಸಾಂಬಾರು ಚೆಲ್ಲದೆ ತಂದವಳ ಚೀಲ ಮೂರೇ ದಿನದಲ್ಲಿ ಬರಿದಾಯಿತು. ಗೇಟಿನಲ್ಲಿ ಕಾಯುವವರಿಲ್ಲ. ಬಸ್ಸಿಳಿದು, ಕೊಡೆ ಮಡಚಿ, ಸೀದಾ ಕ್ಲಾಸಿಗೆ ಬಂದು ಕೂರುತ್ತಿದ್ದಳು. ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಪುಸ್ತಕದ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಚೀಲ ತರುವುದನ್ನು ಮಾತ್ರ ಬಿಡಲಿಲ್ಲ.

ಒಂದು ದಿನ ಲ್ಯಾಬಿನಲ್ಲಿ ಪಕ್ಕದಲ್ಲಿ ಕೂತಿದ್ದಾಗ ಕೇಳಿದಳು, "ಗಿರಿ, ಆ್ಯಪ್ ಸರಿ ಉಂಟಾ? ನಂಗೆ ಯಾರೂ ಬರ್ತಾನೇ ಇಲ್ಲ."

"ನೆಟ್‌ವರ್ಕ್ ಇರ್ಬೇಕು" ಎಂದೆ. "ಈ ಮಳೇಲಿ ಟವರ್ ಎಲ್ಲಿ ಸರಿ ಇರುತ್ತೆ."

"ಮಳೆ ಅಲ್ವಾ" ಎಂದಳು. ಮತ್ತೆ ಪರದೆಯ ಕಡೆ ತಿರುಗಿದಳು. ಆ ಪ್ರಶ್ನೆ ಇದ್ದದ್ದು ಅವಳಿಗೆ ಗೊತ್ತು, ಉತ್ತರ ಒತ್ತಿದವಳೇ ಅವಳು. ಬಾಯಿಬಿಟ್ಟು ಹೇಳಲು ಅವಳು ನನಗೆ ಒಂದು ಅವಕಾಶ ಕೊಟ್ಟಿದ್ದಳು ಎಂದು ಈಗ ಅನಿಸುತ್ತದೆ. ನಾನು ಅದನ್ನು ಮಳೆಯ ತಲೆಗೆ ಕಟ್ಟಿದೆ. ಕೊಡಗಿನಲ್ಲಿ ಜುಲೈ ತಿಂಗಳಲ್ಲಿ ಯಾವ ತಪ್ಪನ್ನಾದರೂ ಮಳೆಯ ತಲೆಗೆ ಕಟ್ಟಬಹುದು, ಯಾರೂ ಮರುಪ್ರಶ್ನೆ ಮಾಡುವುದಿಲ್ಲ.

ಆಟಿ ಹದಿನೆಂಟು ಬರುವ ಹೊತ್ತಿಗೆ ಹೊಳೆ ತುಂಬಿತ್ತು. ಹಿಂದಿನ ಎರಡು ದಿನ ಸಫಿಯಾ ಕಾಲೇಜಿಗೆ ಬಂದಿರಲಿಲ್ಲ. ಫೋನೂ ಹೋಗುತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಹಾಸ್ಟೆಲಿನ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಮೊಣಕಾಲ ತನಕ ಕೆಸರು, ತಲೆಯಿಂದ ನೀರು ಇಳಿಯುತ್ತಿದೆ, ಕೈಯಲ್ಲಿ ಅದೇ ಸ್ಟೀಲ್ ಡಬ್ಬಿ. ಅದನ್ನು ಸ್ವೆಟರಿನೊಳಗಿನಿಂದ ತೆಗೆದು ನನ್ನ ಕೈಗೆ ಕೊಟ್ಟಳು. ಇನ್ನೂ ಬೆಚ್ಚಗಿತ್ತು.

"ಅಂಗಳಕ್ಕೆ ನೀರು ಬಂದಿತ್ತು" ಎಂದಳು. "ಕೈಗೆ ಸಿಕ್ಕ ಪಾತ್ರೆ ಪಗಡೆ ಮೇಲಿನ ಮನೆಗೆ ಸಾಗಿಸಿದ್ದೇವೆ. ಉಮ್ಮ ಬೆಳಗಾಗುವ ಮೊದಲೇ ಎದ್ದು ಅವರ ಒಲೆಯಲ್ಲೇ ಮಾಡಿದ್ದು. ಗಿರಿಜಂಗೆ ಈ ವರ್ಷ ತಪ್ಪಬಾರ್ದು, ಮುಂದಿನ ವರ್ಷ ಎಲ್ಲಿರ್ತಾಳೋ ಅಂದ್ರು." ಆಮೇಲೆ ನಕ್ಕು ಸೇರಿಸಿದಳು, "ಇದು ಆ್ಯಪ್‌ನಲ್ಲಿ ಬಂದದ್ದಲ್ಲ."

ಕೋಣೆಯಲ್ಲಿ ರೂಪಾ ಮಂಚದ ಮೇಲೆ ಕೂತು ತಲೆ ಬಾಚುತ್ತಿದ್ದಳು. ಬಾಚಣಿಗೆ ಅರ್ಧದಲ್ಲಿ ನಿಂತಿತ್ತು. ಅಕ್ಕಿ, ಬೆಲ್ಲ, ತೆಂಗಿನಹಾಲು, ಸೊಪ್ಪು. ಅದರಲ್ಲಿ ನಮ್ಮ ಅಜ್ಜಿ ಒಲ್ಲೆ ಎನ್ನುವಂಥದ್ದು ಒಂದೂ ಇಲ್ಲ. ಆದರೂ ರೂಪಾ ನೋಡುತ್ತಿದ್ದದ್ದು ಡಬ್ಬಿಯನ್ನಲ್ಲ, ನನ್ನನ್ನು. ಸಫಿಯಾ ಕೂಡ ನನ್ನನ್ನೇ ನೋಡುತ್ತಿದ್ದಳು. ಹಿಂದಿನ ಎರಡು ವರ್ಷ ನಾನು ಮುಚ್ಚಳ ಪೂರ್ತಿ ತೆಗೆಯುವ ಮೊದಲೇ ಬೆರಳು ಹಾಕಿದ್ದವಳು. ಅವಳು ಕಾದು ನಿಂತದ್ದು ಆ ಬೆರಳಿಗೆ.

"ಆಮೇಲೆ ತಿಂತೀನಿ ಸಫಿ" ಎಂದೆ. "ಈಗಷ್ಟೇ ತಿಂಡಿ ಆಯ್ತು."

"ಆಯ್ತು" ಎಂದಳು. "ಬಿಸಿ ಇರುವಾಗ್ಲೇ ತಿನ್ನು."

ಡಬ್ಬಿಯನ್ನು ಕಿಟಕಿಕಟ್ಟೆಯ ಮೇಲಿಟ್ಟು ಕ್ಲಾಸಿಗೆ ಹೋದೆ. ಮಧ್ಯಾಹ್ನ ಬಂದಾಗ ರೂಪಾ ಇದ್ದಳು, ತಿನ್ನಲಿಲ್ಲ. ಸಂಜೆ ಅವಳ ಗೆಳತಿಯರೂ ಇದ್ದರು, ತಿನ್ನಲಿಲ್ಲ. ಮಾರನೆಯ ಬೆಳಿಗ್ಗೆ ಮುಚ್ಚಳ ತೆಗೆದಾಗ ಹುಳಿ ವಾಸನೆ ಬಂತು. ಯಾರೂ ನನ್ನನ್ನು ತಿನ್ನಬೇಡ ಎನ್ನಲಿಲ್ಲ. ರೂಪಾ ತುಟಿ ಬಿಚ್ಚಿರಲಿಲ್ಲ. ಒಂದು ದಿನಪೂರ್ತಿ ಸಮಯವಿತ್ತು, ಬಾಗಿಲು ಹಾಕಿಕೊಂಡಾದರೂ ತಿನ್ನಬಹುದಿತ್ತು. ಹಾಸ್ಟೆಲಿನ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ, ನಲ್ಲಿ ಕೆಳಗೆ ಸುರಿದೆ. ಡಬ್ಬಿ ತೊಳೆದೆ. ಮಳೆ ಇದೆಯಲ್ಲ, ಉಳಿದದ್ದನ್ನು ತೊಳೆದುಕೊಂಡು ಹೋಗುತ್ತದೆ ಎಂದುಕೊಂಡೆ. ಆ ಕಲ್ಲಿಗೆ ಶೀಟಿನ ಮಾಡು ಇದ್ದದ್ದು ನನಗೆ ಮರೆತೇಹೋಗಿತ್ತು.

ಅರ್ಧ ಗಂಟೆಯಲ್ಲಿ ಸಫಿಯಾ ಬಂದಳು. ಡಬ್ಬಿ ಬೇಕಿತ್ತು, ಇದ್ದಬದ್ದ ಪಾತ್ರೆಯಲ್ಲಿ ಅರ್ಧ ನೆರೆಗೆ ಹೋಗಿತ್ತಂತೆ. ಬಂದವಳೇ ಕಣ್ಣು ಮಿಟುಕಿಸಿ ಕೇಳಿದಳು, "ಬಂತಾ ಬಣ್ಣ?"

"ಬಂತು" ಎಂದೆ. "ಚೆನ್ನಾಗೇ ಬಂತು."

ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಆ ಎರಡು ವಾರ ಅವಳು ಹೊತ್ತಿದ್ದದ್ದೆಲ್ಲ ಆ ಒಂದು ಮಾತಿಗೆ ಇಳಿದ ಹಾಗೆ ಕಂಡಿತು. "ಕೈಕಾಲು ಕೆಸರು, ತೊಳ್ಕೊಂಡು ಬರ್ತೀನಿ" ಎಂದು ಹಿಂದಿನ ನಲ್ಲಿಯ ಕಡೆ ಹೋದಳು. ಬೇಡ, ಅಲ್ಲಿ ನೀರಿಲ್ಲ ಎನ್ನಬೇಕೆಂದು ಹೊಳೆಯುವಷ್ಟರಲ್ಲಿ ಅವಳು ಬಾಗಿಲು ದಾಟಿದ್ದಳು. ಕಿಟಕಿಯಿಂದ ಕಾಣುತ್ತಿತ್ತು. ಸಿಮೆಂಟಿನ ಕಲ್ಲು, ಅದರಿಂದ ಮೋರಿಯ ತನಕ ಇಡೀ ನೆಲ ನೇರಳೆ. ಮೋರಿಯ ಜಾಲರಿಗೆ ಅನ್ನದ ಅಗುಳು ಅಂಟಿಕೊಂಡಿದ್ದವು. ಅವಳು ನಲ್ಲಿ ತಿರುಗಿಸಲಿಲ್ಲ. ಕೆಸರು ಕಾಲಿನಲ್ಲೇ ವಾಪಸು ಬಂದಳು.

ಅವಳು ಬೈದಿದ್ದರೆ, ಡಬ್ಬಿಯನ್ನು ನನ್ನ ಮುಖಕ್ಕೆ ಎಸೆದಿದ್ದರೆ ನಾನು ಅಳುತ್ತಿದ್ದೆ, ಕಾಲು ಹಿಡಿಯುತ್ತಿದ್ದೆ, ಎಲ್ಲ ಅಲ್ಲಿಗೇ ಮುಗಿಯುತ್ತಿತ್ತೇನೋ. ಅವಳು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ನನ್ನ ಕಡೆ ನೋಡದೆ, "ಉಮ್ಮಂಗೆ ಹೇಳ್ತೀನಿ, ತಿಂದ್ಲು ಅಂತ" ಎಂದಳು. ಹೋದಳು.

ಅಂದೇ ಆ್ಯಪ್‌ನಿಂದ ತನ್ನ ಹೆಸರು ತೆಗೆದಳು. ಮೊದಲ ಪುಟದಲ್ಲಿದ್ದ ಹೆಸರನ್ನು ತೆಗೆಯಲು ಅವಳಿಗೆ ಬರುತ್ತಿರಲಿಲ್ಲ, ಅದು ಕೋಡಿನೊಳಗಿತ್ತು. ನಾನು ತೆಗೆಯಲಿಲ್ಲ. ಹಸಿರು ಚೀಲವನ್ನು ಮಾತ್ರ ಆ ವಾರವೇ ಕಿತ್ತು ಹಾಕಿದೆ, ಯಾರಿಗೂ ಹೇಳದೆ. ಅಷ್ಟರಲ್ಲಿ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಸಿರು ಚೀಲದವರೆಲ್ಲ ತಿನ್ನುವವರೇ ಹೊರತು ಮಳೆಯಲ್ಲಿ ಬೆಳಿಗ್ಗೆ ಪೇಟೆಗಿಳಿದು ಹೊತ್ತು ತರುವವರಲ್ಲ. ಭಟ್ಟರ ಹೋಟೆಲಿನ ಎರಡನೇ ಒಬ್ಬೆ ಎಷ್ಟು ಹೊತ್ತಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ದಸರಾ ರಜೆ ಮುಗಿಯುವ ಹೊತ್ತಿಗೆ "ಬರ್ತಾ ತಾ" ಬೋಪಣ್ಣ ಮತ್ತು ಅವನ ನಾಲ್ಕು ಗೆಳೆಯರ ಪರೋಟದ ಗುಂಪಾಗಿ ಉಳಿದಿತ್ತು. ರೂಪಾ ಮತ್ತೆ ಮೆಸ್ಸಿನ ಉಪ್ಪಿಟ್ಟಿಗೆ ಚಮಚ ನಿಲ್ಲಿಸುತ್ತಿದ್ದಳು. "ಸಫಿಯಾ ಅಕ್ಕ ತರ್ತಿದ್ದ ಇಡ್ಲಿ ಎಷ್ಟು ಬಿಸಿ ಇರ್ತಿತ್ತು ಅಲ್ವಾ" ಎಂದು ಒಂದು ದಿನ ಅವಳೇ ಹೇಳಿದಳು. ನನಗೆ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಅದು ಅವಳ ಮೇಲಿನ ಸಿಟ್ಟಲ್ಲ ಎಂದು ಆಗಲೇ ಗೊತ್ತಿತ್ತು.

ಸಫಿಯಾ ಮಾತು ಬಿಡಲಿಲ್ಲ. ಅದೇ ಕಷ್ಟವಾದದ್ದು. ನೋಟ್ಸ್ ಕೇಳಿದರೆ ಕೊಡುತ್ತಿದ್ದಳು, ಎದುರು ಸಿಕ್ಕರೆ ನಗುತ್ತಿದ್ದಳು, ಗಿರಿ ಎಂದು ಕರೆಯುತ್ತಿದ್ದವಳು ಗಿರಿಜಾ ಎನ್ನತೊಡಗಿದಳು. ಕೊನೆಯ ಪರೀಕ್ಷೆ ಮುಗಿದ ದಿನ ಬಸ್ ಸ್ಟಾಂಡಿನ ತನಕ ಜೊತೆಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಲ್ಲಿ ಜೋಡಿಸುತ್ತಿದ್ದೆ. ಸಿದ್ದಾಪುರದ ಬಸ್ಸು ಬಂತು. "ಬರ್ತೀನಿ ಗಿರಿಜಾ, ಚೆನ್ನಾಗಿರು" ಎಂದು ಹತ್ತಿದಳು. ಕಿಟಕಿ ಬದಿ ಸೀಟು ಸಿಕ್ಕಿತ್ತು, ಆದರೆ ಶಟರ್ ಎತ್ತಲಿಲ್ಲ. ಹೊರಗೆ ಬಿಸಿಲಿತ್ತು.

ಆಮೇಲೆ ನಾನು ಓದಿ, ಕುಶಾಲನಗರದಲ್ಲಿ ಪಾಠ ಮಾಡುವ ಕೆಲಸ ಹಿಡಿದೆ. ನೆಲ್ಯಹುದಿಕೇರಿ ಅಲ್ಲಿಂದ ಮುಕ್ಕಾಲು ಗಂಟೆಯ ದಾರಿ. ಇಷ್ಟು ವರ್ಷದಲ್ಲಿ ಎಷ್ಟೋ ಸಲ ಅದನ್ನು ದಾಟಿ ಹೋಗಿದ್ದೇನೆ, ಇಳಿದಿರಲಿಲ್ಲ. ಮೊನ್ನೆ ಸೊಪ್ಪಿನ ಕಟ್ಟಿನ ಪಕ್ಕ ಕೂತು ಹೋದವಳು, ಎರಡನೆಯ ದಿನ ಮಧ್ಯಾಹ್ನ ಕೆಲಸ ಮುಗಿಸಿ ವಾಪಸು ಬರುವಾಗ ಇಳಿದುಬಿಟ್ಟೆ. ಆಟಿ ಹದಿನೆಂಟು. ಪ್ರತಿ ಮನೆಯಿಂದಲೂ ಅದೇ ವಾಸನೆ. ಅಂಗಡಿಯಲ್ಲಿ ಕೇಳಿದೆ. ಹೊಳೆದಂಡೆಯ ಮನೆ ಈಗಿಲ್ಲ, ಮೇಲೆ ದಿಬ್ಬದಲ್ಲಿ ಹೊಸ ಮನೆ ಎಂದರು. ಹೋದರೆ ಏನು ಹೇಳಬೇಕು ಎಂದು ಗೊತ್ತಿರಲಿಲ್ಲ. ನಿಜ ಹೇಳಿಬಿಡಬೇಕು ಎಂದು ಮಾತ್ರ ಗಟ್ಟಿ ಮಾಡಿಕೊಂಡಿದ್ದೆ.

ಬಾಗಿಲಲ್ಲಿ ನಿಂತ ಉಮ್ಮ ನನ್ನನ್ನು ಮೊದಲು ಕಂಡದ್ದೇ ಅಂದು. ನಾನು ಹೆಸರು ಹೇಳಿದೆ.

"ಸೋಮಾರಪೇಟೆ ಗಿರಿಜಾ?" ಎಂದರು. "ಅಲ್ಲಾ, ನೀನಾ ಮೋಳೇ! ಬಾ, ಒಳಗೆ ಬಾ, ಎಂಥ ಮಳೆ ಇದು." ಟವೆಲ್ ಕೊಟ್ಟರು, ಕುರ್ಚಿ ಎಳೆದರು. ಸಫಿಯಾ ಕಣ್ಣೂರಿನಲ್ಲಿ ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿದ್ದಾಳೆ, ಒಂದು ಮಗುವಾಗಿದೆ, ಹಬ್ಬಕ್ಕೆ ಬಂದು ಹೋದಳು ಎಂದರು. ಮಾತಾಡುತ್ತಲೇ ಒಳಗೆ ಹೋಗಿ ಬಟ್ಟಲು ತಂದರು. ನೇರಳೆ ಪಾಯಸ, ಮೇಲೆ ತೆಂಗಿನಹಾಲು.

"ಉಮ್ಮಾ, ನಿಮಗೊಂದು ಮಾತು ಹೇಳ್ಬೇಕು" ಎಂದೆ.

"ಮೊದ್ಲು ತಿನ್ನು. ನಿಂಗೆ ನನ್ನ ಪಾಯಸ ಅಂದ್ರೆ ಜೀವ ಅಂತ ನಂಗೆ ಗೊತ್ತಿಲ್ವಾ?" ಎದುರಿಗೆ ನೆಲದ ಮೇಲೆ ಕಾಲು ಚಾಚಿ ಕೂತರು. "ಆ ನೀರು ಬಂದ ವರ್ಷ, ನೆನಪುಂಟಾ? ಮನೆ ಪೂರಾ ಕೆಸರು. ನಾನು ಒಂದು ಮೂಲೇಲಿ ಕೂತು ಅಳ್ತಾ ಇದ್ದೆ. ಒಂದಿನ ಸಫಿ ಕಾಲೇಜಿಂದ ಬಂದು ಹೇಳಿದ್ಳು, ಉಮ್ಮಾ, ಗಿರಿಜಾ ಇಡೀ ಡಬ್ಬಿ ಒಬ್ಳೇ ತಿಂದು, ಎರಡು ದಿನ ಬಣ್ಣ ಹೋಗ್ಲೇ ಇಲ್ಲ, ಡಾಕ್ಟ್ರ ಹತ್ರ ಓಡಿದ್ಳು ಅಂತ. ಹೇಗೆ ಓಡಿದ್ದು ಅಂತ ಮಾಡಿ ತೋರಿಸಿದ್ಳು. ಆ ಕೆಸರಲ್ಲಿ ನಾನೂ ನಕ್ಕೆ, ಅವಳೂ ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು ಅವಳಿಗೆ."

ಚಮಚ ನನ್ನ ಕೈಯಲ್ಲೇ ಇತ್ತು.

"ಹೌದಾ ಮೋಳೇ? ಎರಡು ದಿನ?"

"ಹೌದು ಉಮ್ಮಾ" ಎಂದೆ. "ಎರಡು ದಿನ."

ಉಮ್ಮ ಎದ್ದು ಹೋಗಿ ಪಾತ್ರೆ ತಂದು, ನನ್ನ ಬಟ್ಟಲಿಗೆ ಇನ್ನೊಂದು ಸೌಟು ಹಾಕಿದರು.